ಟಮಿಯಾ ಎಕ್ಸ್-19 ಸ್ಮೋಕ್: ಮಾಡೆಲ್ ಕಾರಿನ ಗಾಜಿಗೆ ಇದೇ ಸಾಕು

1:24 ಅಳತೆಯ (ನಿಜ ಕಾರಿನ 24ನೇ ಒಂದು ಪಾಲು) ಮಾಡೆಲ್ ಕಾರಿನ ಕಿಟಕಿಗೆ ಕಪ್ಪು ಬಣ್ಣವನ್ನೇ ತೆಳು ಮಾಡಿ ಹೊಡೆದರೆ ಗಾಜು ಮಸಿ ಹಿಡಿದಂತೆ ಕಾಣುತ್ತದೆ. ಜಪಾನಿನ ಮಾಡೆಲ್ ಕಂಪನಿ ಟಮಿಯಾದ ಎಕ್ಸ್-19 ಪಾರದರ್ಶಕ ಅಕ್ರಿಲಿಕ್ ಬಣ್ಣ. ಒಳಗಿನ ಸೀಟು, ಸ್ಟೀರಿಂಗ್ ಮಬ್ಬಾಗಿ ಕಾಣುತ್ತಲೇ ಇರುತ್ತವೆ. 10 ಮಿ.ಲೀ. ಬಾಟಲಿ ಹಲವು ಕಾರುಗಳಿಗೆ ಬರುತ್ತದೆ.

ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಟಮಿಯಾದ್ದೇ ಎಕ್ಸ್-20ಎ ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಬೆರೆಸಿ, ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಉಪಕರಣ) ಒತ್ತಡ 15 ಪಿಎಸ್ಐ ಆಸುಪಾಸಿನಲ್ಲಿಟ್ಟು, ಗಾಜಿನ ಒಳಮೈಗೆ ಮಾತ್ರ ಹೊಡೆಯಿರಿ. ಹೊರಮೈಯ ಹೊಳಪು ಹಾಗೇ ಉಳಿಯಬೇಕು. ಮೂರು ನಾಲ್ಕು ತೆಳು ಕೋಟು, ನಡುವೆ ಹತ್ತು ನಿಮಿಷ. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಬಣ್ಣ ಅಂಚಿಗೆ ಹರಿದು ಕಪ್ಪು ಗೆರೆ ಕಟ್ಟುತ್ತದೆ, ನಡುಭಾಗ ಬೆಳ್ಳಗಾಗುತ್ತದೆ. ಬ್ರಷ್ಷಿನಲ್ಲಂತೂ ಬೇಡವೇ ಬೇಡ, ಗೆರೆಗಳು ಹೋಗುವುದಿಲ್ಲ. ಬಿಳಿ ಹಾಳೆಯ ಮೇಲಿಟ್ಟು ಗಾಢತೆ ನೋಡಿ.

ಕೆಟ್ಟರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗೆಯಬಹುದು, ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಲ್ಯಾಕರ್ ಥಿನ್ನರ್ ಮುಟ್ಟಿಸಬೇಡಿ, ಮಾಡೆಲ್ ಗಾಜಿನ ಪಾರದರ್ಶಕ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಸಣ್ಣಗೆ ಬಿರುಕು ಬಿಡುತ್ತದೆ.

ಕೊರತೆ ಒಂದಿದೆ: ಬಣ್ಣ ಸ್ವಲ್ಪ ಕಂದು. ನಿಜ ಕಾರಿನ ಗಾಜಿಗೆ ಕಾರ್ಖಾನೆಯಿಂದ ಬರುವ ಹಸಿರು ಛಾಯೆ ಬೇಕೆಂದರೆ ಎಕ್ಸ್-25 ಕ್ಲಿಯರ್ ಗ್ರೀನ್ ಒಂದೆರಡು ಹನಿ ಸೇರಿಸಬೇಕು. ಬೆಂಗಳೂರಿನ ರಸ್ತೆಯ ಕಾರು ಮಾಡುವವರು ಗಮನಿಸಿ: ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲಿ ಮುಂದಿನ, ಹಿಂದಿನ ಗಾಜು ಕನಿಷ್ಠ 70%, ಪಕ್ಕದ್ದು 50% ಬೆಳಕು ಬಿಡಬೇಕು. ಹಾಗಾಗಿ ಪಕ್ಕಕ್ಕೆ ಮಾತ್ರ ಒಂದು ಕೋಟು ಹೆಚ್ಚು ಕೊಡಿ.