ಮೇಲ್ಹರಿವಿನ ಅಂದಾಜು: ಸರಾಸರಿ ಕರ್ವ್ ನಂಬರೋ, ಪಿಕ್ಸೆಲ್‌ವಾರು ಲೆಕ್ಕವೋ?

ಬಿದ್ದ ಮಳೆಯಲ್ಲಿ ನೆಲದ ಮೇಲೆ ಹರಿದುಹೋಗುವ ನೀರೇ ಮೇಲ್ಹರಿವು. ಅದನ್ನು ಅಂದಾಜು ಮಾಡಲು ನೆಲಕ್ಕೆ ಕೊಡುವ ಸಂಖ್ಯೆ ಕರ್ವ್ ನಂಬರ್ (ಸಿಎನ್); ಅದು ಹೆಚ್ಚಿದಷ್ಟೂ ಹರಿವು ಹೆಚ್ಚು. ಇಡೀ ಜಲಾನಯನ ಪ್ರದೇಶಕ್ಕೆ ಒಂದೇ ಸರಾಸರಿ ಸಿಎನ್ ಹಾಕುವುದು ಹಳೆಯ ರೂಢಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಪ್ರತಿ ಪಿಕ್ಸೆಲ್‌ನ (ನಕ್ಷೆಯ ಪುಟ್ಟ ಚೌಕದ) ಮೇಲ್ಹರಿವು ಲೆಕ್ಕಹಾಕಿ, ಆಮೇಲೆ ಸರಾಸರಿ ತೆಗೆಯುವುದು ಇನ್ನೊಂದು ದಾರಿ. ಎರಡಕ್ಕೂ ಸೂತ್ರ ಒಂದೇ (ಸಿಎನ್ ಬಿಟ್ಟು ಎಲ್ಲ ಮಿಮೀನಲ್ಲಿ; ಎಸ್ ಅಂದರೆ ನೆಲ ಹಿಡಿದಿಡಬಲ್ಲ ಗರಿಷ್ಠ ನೀರು):

ಎಸ್ = 25400 ÷ ಸಿಎನ್ − 254
ಮೇಲ್ಹರಿವು = (ಮಳೆ − 0.2 ಎಸ್)² ÷ (ಮಳೆ + 0.8 ಎಸ್)

ಸೂತ್ರ ಒಂದೇ ಆದರೂ ಉತ್ತರ ಒಂದೇ ಬರುವುದಿಲ್ಲ. ಪ್ರದೇಶದ ಅರ್ಧ ಕಾಡು, ಸಿಎನ್ 60. ಉಳಿದರ್ಧ ನೀರಿಂಗದ ಗಟ್ಟಿ ನೆಲ, ಸಿಎನ್ 90 ಎಂದಿಟ್ಟುಕೊಳ್ಳಿ. 50 ಮಿಮೀ ಮಳೆಗೆ ಕಾಡಿನಿಂದ ಹರಿಯುವುದು 1.4 ಮಿಮೀ, ಗಟ್ಟಿ ನೆಲದಿಂದ 27.1. ಸರಾಸರಿ 14.3. ಮೊದಲೇ ಸಿಎನ್‌ಗಳ ಸರಾಸರಿ 75 ತೆಗೆದು ಸೂತ್ರಕ್ಕೆ ಹಾಕಿದರೆ ಬರುವುದು ಬರೀ 9.3. ಮೂರನೇ ಒಂದು ಪಾಲು ನೀರು ಲೆಕ್ಕದಲ್ಲೇ ಇಂಗಿಹೋಯಿತು! ಮಳೆ 150 ಮಿಮೀ ಆದರೆ 84ಕ್ಕೆ ಎದುರಾಗಿ 81. ಆಗ ಯಾವ ದಾರಿ ಹಿಡಿದರೂ ನಡೆಯುತ್ತದೆ. ಹಾಗಾಗಿ ದೊಡ್ಡ ಮಳೆಯ ನೆರೆಗೆ, ಇಲ್ಲವೇ ನೆಲವೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿರುವ ಕಡೆ ಸರಾಸರಿ ಸಾಕು. ವರ್ಷವಿಡೀ ದಿನದಿನದ ಲೆಕ್ಕಕ್ಕೆ ಪಿಕ್ಸೆಲ್ ದಾರಿಯೇ ಸರಿ, ಸಣ್ಣ ಮಳೆಗಳೇ ಅಲ್ಲಿ ಜಾಸ್ತಿ.

ಆದರೆ ಪಿಕ್ಸೆಲ್ ದಾರಿಯಲ್ಲಿ ಎಡವಲು ಜಾಗ ಹೆಚ್ಚು. ಪ್ರತಿ ಪಿಕ್ಸೆಲ್‌ಗೆ ಸಿಎನ್ ಕೊಡಲು, ಭೂಬಳಕೆಯ ಸಂಕೇತವನ್ನು 10ರಿಂದ ಗುಣಿಸಿ, ನೀರಿಂಗುವ ಗುಣದಿಂದ ವಿಂಗಡಿಸಿದ ಮಣ್ಣಿನ ಗುಂಪನ್ನು (ಎ=1ರಿಂದ ಡಿ=4ರವರೆಗೆ) ಕೂಡಿಸಿ; 43 ಅಂದರೆ ನಾಲ್ಕನೇ ಭೂಬಳಕೆ, ಸಿ ಮಣ್ಣು. ಈ ಸಂಕೇತಗಳಿಗೆ ಕೋಷ್ಟಕದ ಸಿಎನ್ ಕೊಟ್ಟರಾಯಿತು. ಭೂಬಳಕೆ, ಮಣ್ಣು ಎರಡರ ರಾಸ್ಟರ್‌ಗಳನ್ನೂ (ಪಿಕ್ಸೆಲ್ ನಕ್ಷೆಗಳನ್ನೂ) ಒಂದೇ ಪಿಕ್ಸೆಲ್ ಅಳತೆಗೆ ತರುವಾಗ ಹತ್ತಿರದ ಪಿಕ್ಸೆಲ್‌ನ ಸಂಖ್ಯೆಯನ್ನೇ ಉಳಿಸುವ 'ನಿಯರೆಸ್ಟ್ ನೇಬರ್' ಮಾತ್ರ ಬಳಸಿ. ಅಕ್ಕಪಕ್ಕದ ಸಂಖ್ಯೆಗಳ ಸರಾಸರಿ ತೆಗೆಯುವ ಬೈಲೀನಿಯರ್ ಹಾಕಿದರೆ 2 ಮತ್ತು 4ರ ನಡುವೆ ಇಲ್ಲದ 3 ಹುಟ್ಟುತ್ತದೆ.

ಕಣ್ಣಿಗೇ ಬೀಳದ ತಪ್ಪು ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿದೆ. ಮಳೆ 0.2 ಎಸ್‌ಗಿಂತ ಕಡಿಮೆಯಿದ್ದರೆ ಮೇಲ್ಹರಿವು ಸೊನ್ನೆ. ಸೂತ್ರಕ್ಕೆ ಅದು ಗೊತ್ತಿಲ್ಲ, ವರ್ಗ ಮಾಡಿದ ಕೂಡಲೇ ಋಣ ಸಂಖ್ಯೆ ಧನವಾಗುತ್ತದೆ. ಸಿಎನ್ 60ರ ಕಾಡಿಗೆ 10 ಮಿಮೀ ಮಳೆ ಹಾಕಿ ನೋಡಿ: 3.9 ಮಿಮೀ ಸುಳ್ಳು ನೀರು. ಮಳೆ > 0.2 ಎಸ್ ಎಂಬ ಷರತ್ತನ್ನು (ನಿಜವಾದರೆ 1, ಇಲ್ಲದಿದ್ದರೆ 0) ಇಡೀ ಸೂತ್ರಕ್ಕೆ ಗುಣಿಸಿದರೆ ಈ ತಪ್ಪು ಆಗದು.

ಮಳೆಯ ಪದರಕ್ಕೆ ಥೀಸನ್ ಬಹುಭುಜಗಳಾದರೆ (ಪ್ರತಿ ಜಾಗಕ್ಕೂ ಅದಕ್ಕೆ ಹತ್ತಿರದ ಮಳೆಮಾಪಕದ ಮಳೆ ಕೊಡುವ ವಿಧಾನ) ಗಡಿಯಲ್ಲಿ ಮಳೆ ದಿಢೀರನೆ ಬದಲಾಗುತ್ತದೆ. ಹತ್ತಿರದ ಮಾಪಕಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ ತೂಕ ಕೊಡುವ ಐಡಿಡಬ್ಲ್ಯೂ ಆದರೆ ಮಾಪಕಗಳ ಸುತ್ತ ಉಂಗುರಗಳೇಳುತ್ತವೆ. ಮಾಪಕಗಳೇ ಬೆರಳೆಣಿಕೆಯಷ್ಟಿದ್ದರೆ ಥೀಸನ್ ವಾಸಿ, ತಪ್ಪೆಲ್ಲಿದೆ ಎಂದಾದರೂ ಕಾಣುತ್ತದೆ.

ಮಿಮೀಯನ್ನು ಘನಮೀಟರ್‌ಗೆ ತಿರುಗಿಸುವ ಮುನ್ನ ನಕ್ಷೆ ಡಿಗ್ರಿಯಲ್ಲಿದ್ದರೆ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪ್ರಕ್ಷೇಪಕ್ಕೆ ತನ್ನಿ. ಒಂದು ಚದರ ಕಿಮೀ ಮೇಲೆ 1 ಮಿಮೀ ಅಂದರೆ 1000 ಘನಮೀಟರ್.