ಫುಕೆಟ್ ಸ್ಯಾಂಡ್‌ಬಾಕ್ಸ್ ಅಥವಾ ಟೆಸ್ಟ್ ಆ್ಯಂಡ್ ಗೋ: ಯಾವುದು ಯಾರಿಗೆ ಸರಿಯಿತ್ತು?

ಕೋವಿಡ್ ಕಾಲದಲ್ಲಿ, 2021ರ ನವೆಂಬರ್‌ನಲ್ಲಿ, ಪೂರ್ಣ ಲಸಿಕೆ ಪಡೆದು ಥಾಯ್ಲೆಂಡಿಗೆ ಹೊರಟವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿದ್ದವು.

ಅದೇ ವರ್ಷ ಜುಲೈ 1ರಂದು ಆರಂಭವಾದ ಫುಕೆಟ್ ಸ್ಯಾಂಡ್‌ಬಾಕ್ಸ್ ಎಂಬ ಪ್ರವಾಸಿ ಯೋಜನೆಯಲ್ಲಿ ಮೊದಲು ಫುಕೆಟ್ ದ್ವೀಪದಲ್ಲೇ 14 ರಾತ್ರಿ ಕಳೆಯಬೇಕಿತ್ತು. ನವೆಂಬರ್ ಹೊತ್ತಿಗೆ 7 ಸಾಕಾಗಿತ್ತು. ಕೋವಿಡ್ ಪರೀಕ್ಷೆಯ ಫಲಿತಾಂಶ ನೆಗೆಟಿವ್ ಬಂದರೆ ಕಡಲತೀರ, ಮಾರುಕಟ್ಟೆ, ಊಟದ ಮನೆ ಎಲ್ಲವೂ ಮುಕ್ತವಾಗಿತ್ತು. ದ್ವೀಪ ದಾಟುವಂತಿರಲಿಲ್ಲ, ಅಷ್ಟೇ.

ನವೆಂಬರ್ 1ರಿಂದ ಬಂದ ಟೆಸ್ಟ್ ಆ್ಯಂಡ್ ಗೋ ಅವಸರವಿದ್ದವರಿಗಾಗಿತ್ತು. ವಿಮಾನ ನಿಲ್ದಾಣದಿಂದ ಹೋಟೆಲ್ ಕಳಿಸಿದ ವಾಹನದಲ್ಲಿ ನೇರ ಪ್ರಯಾಣ, ಮೂಗಿನ ದ್ರವದ ಮಾದರಿ ಕೊಟ್ಟು ಕೋಣೆಯಲ್ಲಿ ಒಂದು ರಾತ್ರಿ ಇರಬೇಕಿತ್ತು. ಬಾಗಿಲ ಹೊರಗಿಟ್ಟ ಊಟದ ಪೊಟ್ಟಣ ತೆಗೆದುಕೊಂಡು ಫಲಿತಾಂಶಕ್ಕೆ ಕಾಯುವ ಆ ರಾತ್ರಿ ನಿಜಕ್ಕೂ ದೀರ್ಘವಾದದ್ದಾಗಿತ್ತು. ನೆಗೆಟಿವ್ ಬಂದರೆ ಇಡೀ ದೇಶ ಸುತ್ತಬಹುದಿತ್ತು. ಆದರೆ ಇದು ಥಾಯ್ಲೆಂಡ್ ಸರ್ಕಾರದ ಪಟ್ಟಿಯಲ್ಲಿದ್ದ 63 ದೇಶ ಮತ್ತು ಪ್ರದೇಶಗಳಿಂದ ಬರುವವರಿಗೆ ಮಾತ್ರ ಇತ್ತು.

ಥಾಯ್ಲೆಂಡ್ ಪಾಸ್‌ನ (ಪ್ರವೇಶಕ್ಕೆ ಮೊದಲೇ ಮಾಡಬೇಕಿದ್ದ ಆನ್‌ಲೈನ್ ನೋಂದಣಿ) ಕ್ಯೂಆರ್ ಕೋಡ್, 50,000 ಡಾಲರ್ ಆರೋಗ್ಯ ವಿಮೆ, ಹೊರಡುವ ಮುಂಚಿನ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಎರಡಕ್ಕೂ ಬೇಕಿತ್ತು.

ಒಂದೇ ವಾರದ ರಜೆಯಲ್ಲಿ ಬ್ಯಾಂಕಾಕ್, ಚಿಯಾಂಗ್ ಮಾಯ್ ನೋಡಬೇಕೆಂದಿದ್ದರೆ ಎರಡನೆಯದೇ ಸರಿಯಾಗಿತ್ತು. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ, ಹೇಗೂ ಸಮುದ್ರದ ಆಸೆಯೇ ಇದ್ದರೆ, ನಾನು ಫುಕೆಟ್ ಅನ್ನೇ ಆರಿಸುತ್ತಿದ್ದೆ: ಒಂದೇ ಹೋಟೆಲ್, ಓಡಾಟ ಕಡಿಮೆ. ಯಾವುದನ್ನೇ ಆರಿಸಿದರೂ, ಹೋಟೆಲ್ ಹಣ ಕಟ್ಟುವ ಮುನ್ನ ರದ್ದತಿಯ ಷರತ್ತನ್ನು ಓದಿಕೊಳ್ಳಬೇಕಿತ್ತು.