ಫೋಲ್ಡರ್ ನಿಧಾನ ಅಂತ ಫಾರ್ಮ್ಯಾಟ್ ಮಾಡಿಸಬೇಡಿ, ನಾನು ಮಾಡಿಸಿ ಕೆಟ್ಟೆ

ಆಫೀಸಿನಲ್ಲಿ ಫೋಲ್ಡರ್ ತೆರೆಯೋದು ನಿಧಾನ ಆಗಿದೆಯಾ? ಯಾರನ್ನಾದರೂ ಕರೆಸಿ ಫಾರ್ಮ್ಯಾಟ್ ಹೊಡೆಸೋಣ, ಅಂದ್ರೆ ಎಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸೋಣ ಅಂತಿದ್ದೀರಾ? ಸ್ವಲ್ಪ ತಡೆಯಿರಿ, ಮೊದಲು ನನ್ನ ಕಥೆ ಓದಿ.

ನಮ್ಮದು ದಾವಣಗೆರೆಯಲ್ಲಿ ಸಣ್ಣ ಟ್ಯಾಕ್ಸ್ ಆಫೀಸು. ಆರು ಕಂಪ್ಯೂಟರು, ಮೂಲೆಯಲ್ಲೊಂದು ‘ಸರ್ವರ್’. ಸರ್ವರ್ ಅಂದ್ರೆ ದೊಡ್ಡದೇನಲ್ಲ, ಅದೂ ಮಾಮೂಲಿ ಕಂಪ್ಯೂಟರೇ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ, ಪಾರ್ಟಿಗಳ (ನಮ್ಮ ಗಿರಾಕಿಗಳ) ಫೋಲ್ಡರು ಅದರಲ್ಲಿ ಇರೋದರಿಂದ ಆ ಗೌರವ. ಮಾರ್ಚ್ ಮುಗಿದ ಮೇಲೆ ಹಳೇ ಸರ್ವರ್ ತೆಗೆದು ಹೊಸದು ಇಟ್ಟೆವು. ಹಳೇದು ಕೊನೆಗೆ ಬರೀ ಸ್ಕ್ಯಾನ್ ಇಡಲು ಬಳಸುತ್ತಿದ್ದದ್ದು, ಅದನ್ನು ಆಫ್ ಮಾಡಿ ಅಟ್ಟಕ್ಕೆ ಹಾಕಿದೆವು.

ಆಮೇಲೆ ಶುರುವಾಯ್ತು. ‘ದಿಸ್ ಪಿಸಿ’ ಕ್ಲಿಕ್ ಮಾಡಿದರೆ ಮೇಲೆ ಹಸಿರು ಗೆರೆ ಆಮೆ ತರ ತೆವಳುತ್ತಿತ್ತು. ವರ್ಡ್‌ನಲ್ಲಿ ‘ಸೇವ್ ಆಸ್’ ಒತ್ತಿದರೆ ಪರದೆಯೆಲ್ಲ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’. ಆದರೆ ಒಮ್ಮೆ ಫೈಲ್ ತೆರೆದ ಮೇಲೆ ಟೈಪಿಂಗ್ ಸರಾಗ, ಟ್ಯಾಲಿಯೂ ಸರಾಗ. ಇದು ದೊಡ್ಡ ಸುಳಿವು, ಅಲ್ವಾ? ಕಂಪ್ಯೂಟರೇ ಮುದುಕಾಗಿದ್ದರೆ ಎಲ್ಲವೂ ನಿಧಾನ ಆಗಬೇಕಿತ್ತು. ಆಗ ನನಗೆ ಹೊಳೆಯಲಿಲ್ಲ. ಹಳೇ ಸರ್ವರ್ ತೆಗೆದದ್ದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತಲೂ ಯಾರಿಗೂ ಅನಿಸಲಿಲ್ಲ.

ಜುಲೈ ಬಂತು. ರಿಟರ್ನ್ ಕಾಲ, ಬಾಗಿಲಲ್ಲಿ ಪಾರ್ಟಿಗಳು, 20ನೇ ತಾರೀಖಿಗೆ ತಿಂಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ಬೇರೆ. ಪರಿಚಯದವರೊಬ್ಬರು ಹೇಳಿದ ಸರ್ವಿಸಿನವರನ್ನು ಕರೆಸಿದೆ. ಹೆಸರು ಬೇಡ ಬಿಡಿ. ಬಂದವರು ಎರಡು ನಿಮಿಷ ಮೌಸ್ ಆಡಿಸಿ, ‘ಸರ್, ಹಾರ್ಡ್ ಡಿಸ್ಕ್ ವೀಕ್ ಆಗಿದೆ, ವಿಂಡೋಸೂ ಹಳೇದು, ಫಾರ್ಮ್ಯಾಟ್ ಮಾಡಿಬಿಡೋಣ’ ಅಂದರು. ಬ್ಯಾಕಪ್ ಇದೆಯಾ ಅಂತ ಕೇಳಿದರು, ಸುಳ್ಳು ಹೇಳಬಾರದು. ‘ಡೇಟಾ ಎಲ್ಲಾ ಸರ್ವರ್‌ನಲ್ಲಿದೆ, ಮಾಡಿ’ ಅಂದವನು ನಾನೇ.

ಸರ್ವರ್‌ನಲ್ಲಿ ಎಲ್ಲಾ ಇರಲಿಲ್ಲ. ಆ ಕಂಪ್ಯೂಟರಿನಲ್ಲಿ ಕೂರುವ ಮೇಡಂ ತಮ್ಮ ಎಕ್ಸೆಲ್ ಲೆಕ್ಕಗಳನ್ನು, ನೋಟಿಸುಗಳಿಗೆ ಬರೆದ ಉತ್ತರಗಳನ್ನು ಡೆಸ್ಕ್‌ಟಾಪ್ ಮೇಲೆ ‘ಹೊಸದು’, ‘ಹೊಸದು 2’ ಅಂತ ಫೋಲ್ಡರ್ ಮಾಡಿ ಇಡುತ್ತಿದ್ದರು. ಡೆಸ್ಕ್‌ಟಾಪ್ ಅಂದ್ರೆ ವಿಂಡೋಸ್ ಇರುವ ಸಿ ಡ್ರೈವೇ, ಅಳಿಸಿದ್ದೂ ಅದನ್ನೇ. ಎರಡು ವರ್ಷದ ಕೆಲಸ ಹೋಯ್ತು. ಔಟ್‌ಲುಕ್‌ನ ಹಳೇ ಮೇಲ್‌ಗಳೂ ಅದರ ಜೊತೆಗೇ ಹೋದವು. ಡಿಜಿಟಲ್ ಸಹಿಯ ಟೋಕನ್ ಚುಚ್ಚಿದರೆ ಅದನ್ನು ನಡೆಸುವ ಸಾಫ್ಟ್‌ವೇರ್ (ಡ್ರೈವರ್) ಇಲ್ಲ. ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರ್ ಇಲ್ಲದೆ ಹಳೇ ಕನ್ನಡ ಪತ್ರಗಳು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವತ್ತು ಪೂರ್ತಿ ಅದನ್ನೇ ಸರಿಮಾಡಿಕೊಂಡು ಕೂತೆವು. ಮೇಡಂ ನನ್ನ ಹತ್ತಿರ ಮಾತಾಡಲಿಲ್ಲ.

ಎಡವಟ್ಟು ಏನು ಗೊತ್ತಾ? ಕಂಪ್ಯೂಟರ್ ನಿಜವಾಗಿ ಫಾಸ್ಟ್ ಆಯ್ತು! ಹಾಗಾಗಿ ನಂಬಿಬಿಟ್ಟೆ. ‘ನೋಡಿದ್ರಾ ಸರ್’ ಅಂದರು. ಇನ್ನೆರಡಕ್ಕೆ ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿದೆ, ಎಲ್ಲಾ ಸೇರಿ 11,400 ರೂಪಾಯಿ ಬಿಲ್. ತೆಗೆದ ಹಾರ್ಡ್ ಡಿಸ್ಕುಗಳನ್ನು ‘ಎಕ್ಸ್‌ಚೇಂಜ್ ತಗೋತೀನಿ’ ಅಂತ ಒಂದಕ್ಕೆ 300 ಕಡಿಮೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಹೋದರು. ಆರುನೂರು ಉಳಿಯಿತು ಅಂತ ಖುಷಿಪಟ್ಟ ನನ್ನ ಬುದ್ಧಿಗೆ ಏನು ಹೇಳೋದು.

ಇನ್ನು ಮೂರು ಉಳಿದಿದ್ದವು. ಮುಂದಿನ ಸೋಮವಾರ ಬೆಳಿಗ್ಗೆ ಕಸ ಗುಡಿಸುವ ಅಕ್ಕನ ಪೊರಕೆ ತಗುಲಿ ನನ್ನ ಟೇಬಲ್ ಕೆಳಗಿನ ನೆಟ್‌ವರ್ಕ್ ಕೇಬಲ್ ಕಳಚಿಕೊಂಡಿತು. ನನಗೆ ಗೊತ್ತಿಲ್ಲ. ‘ದಿಸ್ ಪಿಸಿ’ ಒತ್ತಿದೆ, ಟಕ್ ಅಂತ ತೆರೆಯಿತು. ಆಮೇಲೆ ಕಣ್ಣಿಗೆ ಬಿದ್ದು ಕೇಬಲ್ ವಾಪಸ್ ಚುಚ್ಚಿದೆ, ಮತ್ತೆ ಆಮೆ. ಮೂರು ಸಲ ಹಾಗೇ ಮಾಡಿದೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟು ನೋಡಿದರೆ ಪ್ರತಿ ಸಲವೂ ಹೆಚ್ಚುಕಡಿಮೆ 21 ಸೆಕೆಂಡ್. ಸಾಯುತ್ತಿರುವ ಡಿಸ್ಕು ಹೀಗೆ ಗಡಿಯಾರ ನೋಡಿಕೊಂಡು ತಡ ಮಾಡೋದಿಲ್ಲ, ಒಮ್ಮೆ ಐದು ಸೆಕೆಂಡ್, ಒಮ್ಮೆ ಎರಡು ನಿಮಿಷ. ಲೆಕ್ಕ ಹಾಕಿದ ಹಾಗೆ ಒಂದೇ ಹೊತ್ತು ಕಾಯಿಸುತ್ತಿದೆ ಅಂದರೆ ಅದು ಯಾರಿಗೋ ಕಾಯುತ್ತಿದೆ.

ಯಾರಿಗೆ ಅಂದ್ರೆ, ಅಟ್ಟದ ಮೇಲಿದ್ದ ಹಳೇ ಸರ್ವರ್‌ಗೆ. ಅದರ ಸ್ಕ್ಯಾನ್ ಫೋಲ್ಡರನ್ನು ಎಲ್ಲಾ ಕಂಪ್ಯೂಟರಿನಲ್ಲೂ ಝಡ್ ಡ್ರೈವ್ ಅಂತ ಜೋಡಿಸಿದ್ದೆವು. ಕಂಪ್ಯೂಟರ್ ತೆಗೆದೆವು, ಝಡ್ ತೆಗೆಯಲಿಲ್ಲ. ಕೆಂಪು ಕ್ರಾಸ್ ಹಾಕಿಕೊಂಡು ಕೂತಿತ್ತು, ದಿನಾ ನೋಡುತ್ತಿದ್ದೆವು. ಫೋಲ್ಡರ್ ಕಿಟಕಿ ತೆರೆದಾಗೆಲ್ಲ ವಿಂಡೋಸ್ ಆ ವಿಳಾಸಕ್ಕೆ ಕೂಗು ಹಾಕುತ್ತದೆ, ಉತ್ತರ ಬರೋದಿಲ್ಲ, ಮತ್ತೆ ಕೂಗುತ್ತದೆ, ಸಾಕಾದ ಮೇಲೆ ಕೈಬಿಡುತ್ತದೆ. ಕೇಬಲ್ಲೇ ಇಲ್ಲದಿದ್ದರೆ ಕೂಗುವ ಗೋಜೇ ಇಲ್ಲ, ಅದಕ್ಕೇ ಟಕ್ ಅಂತ ತೆರೆದದ್ದು. ಫಾರ್ಮ್ಯಾಟ್ ಮಾಡಿದ್ದು ಫಾಸ್ಟ್ ಆಗಿದ್ದೂ ಇದಕ್ಕೇ, ವಿಂಡೋಸ್ ಜೊತೆ ಝಡ್ಡೂ ಅಳಿಸಿಹೋಗಿತ್ತು.

ಉಳಿದ ಮೂರಕ್ಕೆ ನಾನು ಮಾಡಿದ್ದು ಇಷ್ಟೇ: ಝಡ್ ಮೇಲೆ ರೈಟ್ ಕ್ಲಿಕ್, ‘ಡಿಸ್‌ಕನೆಕ್ಟ್’. ಆಮೇಲೆ ‘ಕ್ವಿಕ್ ಆಕ್ಸೆಸ್’ನಲ್ಲಿ ಪಿನ್ ಆಗಿದ್ದ ಹಳೇ ಫೋಲ್ಡರುಗಳನ್ನು ‘ಅನ್‌ಪಿನ್’ ಮಾಡಿ, ಡೆಸ್ಕ್‌ಟಾಪ್ ಮೇಲಿದ್ದ ಹಳೇ ಶಾರ್ಟ್‌ಕಟ್ ಅಳಿಸಿ, ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಹಿಸ್ಟರಿ ‘ಕ್ಲಿಯರ್’ ಒತ್ತಿದೆ, ಯಾಕಂದ್ರೆ ಇತ್ತೀಚಿನ ಫೈಲುಗಳ ಪಟ್ಟಿಯೂ ಹಳೇ ವಿಳಾಸ ಹಿಡಿದುಕೊಂಡಿರುತ್ತದೆ. ಹತ್ತು ನಿಮಿಷ, ಖರ್ಚು ಸೊನ್ನೆ. ನಿಮ್ಮಲ್ಲಿ ಯಾವ್ಯಾವ ಡ್ರೈವ್ ಜೋಡಣೆ ಇದೆ ಅಂತ ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ (net use) ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ, ಪಟ್ಟಿ ಬರುತ್ತದೆ. ಕೇಬಲ್ ಕಿತ್ತು ನೋಡುವ ಮುಂಚೆ ಮಾತ್ರ ಟ್ಯಾಲಿ ಮುಚ್ಚಿ, ಫೈಲ್ ಸೇವ್ ಮಾಡಿ. ಇನ್ನೊಂದು ತಲೆನೋವು ಬೇಡ.

ಒಂದು ಫೋಲ್ಡರ್ ಮಾತ್ರ ಆಮೇಲೂ ನಿಧಾನ ಇತ್ತು, ಸಾವಿರಾರು ಸ್ಕ್ಯಾನ್ ತುಂಬಿದ್ದು. ಪ್ರಾಪರ್ಟೀಸ್, ‘ಕಸ್ಟಮೈಸ್’ನಲ್ಲಿ ‘ಪಿಕ್ಚರ್ಸ್’ ಇದ್ದದ್ದನ್ನು ‘ಜನರಲ್ ಐಟಮ್ಸ್’ ಮಾಡಿದೆ, ಅದೂ ಸರಿಹೋಯ್ತು. ನಿಮ್ಮಲ್ಲಿ ಡಿಸ್ಕೇ ಕೆಟ್ಟಿರಲೂಬಹುದು, ಇಲ್ಲ ಅನ್ನೋದಿಲ್ಲ. ಕೇಬಲ್ ಕಿತ್ತರೂ ನಿಧಾನ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸುಮ್ನೆ 100% ತೋರಿಸುತ್ತಿದೆ, ಟಿಕ್ ಟಿಕ್ ಸದ್ದು ಬೇರೆ ಅಂದರೆ ಅನುಮಾನಪಡಿ. ಆಗಲೂ ಮೊದಲು ಡೇಟಾ ಕಾಪಿ, ಆಮೇಲೆ ಮಿಕ್ಕಿದ್ದು.

ಇನ್ನೊಂದು ನಂತರ ಕಣ್ಣಿಗೆ ಬಿತ್ತು. ‘ನೆಟ್‌ವರ್ಕ್ ಸ್ಪೀಡ್ ಆಗುತ್ತೆ’ ಅಂತ ಆ ಸರ್ವಿಸಿನವರು ಹೊರಗಿನಿಂದ ನುಗ್ಗೋದನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ 1 ಆನ್ ಮಾಡಿ ಹೋಗಿದ್ದರು. ಫೈಲ್ ಹಂಚಿಕೊಳ್ಳುವ ಹಳೇ ವಿಧಾನ ಅದು. 2017ರ ಮೇನಲ್ಲಿ ವಾನ್ನಾಕ್ರೈ ಬಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತ್ತಲ್ಲ, ಅದು ನುಗ್ಗಿದ್ದು ಇದೇ ಕಿಂಡಿಯಿಂದ. ಮೈಕ್ರೋಸಾಫ್ಟ್ ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ನಲ್ಲಿ ಅದನ್ನು ತಾನಾಗಿ ಹಾಕಿ ಕೊಡೋದು ಬಿಡುತ್ತಾ ಬಂದಿದೆ, ಬೇಕಂದ್ರೆ ನಾವೇ ಹುಡುಕಿ ಹಾಕಬೇಕು. ಪಾರ್ಟಿಗಳ ಕಾಗದ ಇರುವ ಆಫೀಸಿನಲ್ಲಿ ಅದನ್ನು ಹುಡುಕಿ ಹಾಕಿದ್ದಾರೆ! ಯಾರೇ ರಿಪೇರಿ ಮಾಡಿ ಹೋದರೂ ‘ಏನೇನು ಬದಲಾಯಿಸಿದಿರಿ’ ಅಂತ ಬರೆಸಿಕೊಳ್ಳಿ.

ಆ ಹಾರ್ಡ್ ಡಿಸ್ಕುಗಳ ನೆನಪಾಗಿ ಎದೆ ಧಸಕ್ ಅಂದಿದ್ದು ಮೂರನೇ ದಿನ. ಪ್ಯಾನ್, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲಾ ಅದರಲ್ಲಿ. ಅವರ ಅಂಗಡಿಗೇ ಹೋದೆ. ಒಂದು ಸಿಕ್ಕಿತು, ಅದರ ಮುನ್ನೂರು ವಾಪಸ್ ಕೊಟ್ಟು ತಂದೆ. ಇನ್ನೊಂದು ‘ಗುಜರಿಗೆ ಹೋಯ್ತೇನೋ ಸರ್’ ಅಂದರು. ನಿನ್ನೆ ಮತ್ತೆ ಫೋನ್ ಮಾಡಿದ್ದೆ. ‘ಹುಡುಗನ್ನ ಕೇಳಿ ಹೇಳ್ತೀನಿ’ ಅಂತ ಇಟ್ಟರು.